ಸಾಮಾನು ಲಿಫ್ಟಿನಲ್ಲಿ ಕಾಡಿನ ಚಾಕು

ಹಲೋ... ಹಲೋ, ಯಾರು ಮಾತಾಡ್ತಿರೋದು? ಕೇಳಿಸ್ತಿದೆಯಾ?

ಹಾಂ, ಹಾಂ, ಈಗ ಕೇಳಿಸ್ತು. ಕಂಟ್ರೋಲ್ ರೂಮಾ?... ಸರಿ ಸಾರ್. ನಾನು ಲಿಫ್ಟೊಳಗಿಂದ ಮಾತಾಡ್ತಿದೀನಿ. ಇಲ್ಲಿ ಗೋಡೆಗೆ ಒಂದು ತಗಡಿನ ಡಬ್ಬಿ ಹೊಡೆದಿದಾರೆ, ಅದರೊಳಗೆ ಈ ಫೋನಿತ್ತು. ಎತ್ತಿದ ಕೂಡ್ಲೇ ನೀವು ಬಂದ್ರಿ. ಲಿಫ್ಟು ನಿಂತುಬಿಟ್ಟಿದೆ...

ಯಾವ ಲಿಫ್ಟಾ? ಸಾಮಾನಿಂದು. ಹಿಂದುಗಡೆ, ಕಸದ ಡ್ರಮ್ಮುಗಳ ಪಕ್ಕ ಇದೆಯಲ್ಲ, ಅದು. ಮುಂದಿನ ಲಿಫ್ಟು ಮನೆಯವರಿಗೆ ಮಾತ್ರ, ಕೆಲಸದವರು ಹತ್ತಂಗಿಲ್ಲ ಅಂತ ಗೇಟಲ್ಲೇ ಹೇಳಿದ್ರು. ಒಳ್ಳೇ ಮಾತಲ್ಲೇ ಹೇಳಿದ್ರು, ಸುಳ್ಳು ಹೇಳಬಾರದು...

ಒಬ್ಬನೇ ಸಾರ್. ನಾನು, ಒಂದು ಹರಿದ ಹಾಸಿಗೆ, ಯಾರೋ ಬಿಟ್ಟುಹೋದ ನೆಲ ಒರೆಸೋ ಕೋಲು. ಆರನೇ ಮಹಡಿ ದಾಟಿತ್ತು, ಏಳು ಬರೋಕೆ ಮುಂಚೆ ಒಂದು ಸಲ ಜಗ್ಗಿ ನಿಂತ್ಬಿಡ್ತು. ದೀಪ ಇದೆ. ಫ್ಯಾನು ಮಾತ್ರ ನಿಂತಿದೆ...

ಒಂಬತ್ತಕ್ಕೆ. ಒಂಬತ್ತನೇ ಮಹಡಿ, ಮೂಲೆ ಮನೆ. ಬಾಗಿಲಿಗೆ ಹಿಡಿದು ಎಳೆಯೋ ಹಿತ್ತಾಳೆ ಗುಬುಟು ಇದೆ, ದೊಡ್ಡದು...

ಹಲೋ? ಯಾಕೆ ಸುಮ್ಮನಾದ್ರಿ? ಹಲೋ?

ಆ ಮನೆಯವರ ಹೆಸರು ಗೊತ್ತಿಲ್ಲ ಸಾರ್. ಟೆಂಟು, ಹಗ್ಗ, ಮಲಗೋ ಚೀಲ ಇವೆಲ್ಲ ಮಾರೋ ಅಂಗಡಿಯವರು ಕಳಿಸಿದ್ದು. ಹೆಸರು ಗೊತ್ತಿಲ್ಲ, ಕೈ ಗೊತ್ತು. ನಾನು ಚಾಕುಗೆ ಹಿಡಿ ಮಾಡೋನು. ಹೋದ ವಾರ ಬಂದು ಕೈಯಳತೆ ತಗೊಂಡು ಹೋಗಿದ್ದೆ, ಇವತ್ತು ಕೊಡೋಕೆ ಬಂದೆ...

ಸರಿ. ಮೆಕ್ಯಾನಿಕ್ ಬರ್ತಾನೆ ಅಂದ್ರಾ? ದೂರದಿಂದಾನಾ?... ಬರಲಿ ಬರಲಿ. ಅಲ್ಲೀವರೆಗೆ ಫೋನ್ ಇಡಬೇಡ ಅಂತೀರಾ? ನಾನು ಯಾಕಿಡ್ಲಿ ಸಾರ್. ಇಲ್ಲಿ ಮಾತಾಡೋಕೆ ಇನ್ಯಾರಿದಾರೆ, ಕೋಲಾ? ಒಂದೇ ತೊಂದರೆ, ಇದರ ವೈರು ಗಿಡ್ಡ. ನೆಟ್ಟಗೆ ನಿಲ್ಲೋಕಾಗಲ್ಲ, ಕೂರೋಕೂ ಆಗಲ್ಲ. ಕುತ್ತಿಗೆ ಬಗ್ಗಿಸಿಕೊಂಡು ನಿಂತಿದೀನಿ, ಹೊಸ ಅಳಿಯನ ಥರ...

ನಗ್ತೀಯಾ? ದನಿ ನೋಡಿದ್ರೆ ಚಿಕ್ಕ ವಯಸ್ಸು. ಸಾರ್ ಸಾರ್ ಅಂತಿದೀನಲ್ಲ ಆಗ್ಲಿಂದ. ತಮ್ಮಾ ಅನ್ಲಾ?... ಅಣ್ಣಾ ಅಂದ್ಯಲ್ಲ, ಅಲ್ಲಿಗೆ ಸರಿಹೋಯ್ತು.

ತಮ್ಮಾ, ಒಂದು ಉಪಕಾರ ಮಾಡು. ಗೇಟಿನ ಹೊರಗೆ ಸ್ಕೂಟರ್ ಹತ್ತಿರ ನನ್ನ ಹೆಂಡತಿ ನಿಂತಿದಾಳೆ. ಒಬ್ಬರಿಗೇ ಒಳಗೆ ಬಿಡೋದು ಅಂದ್ರು, ಅವಳು ಹೊರಗೇ ಉಳಿದ್ಲು. ನನ್ನ ಮೊಬೈಲೂ ಗೇಟಲ್ಲೇ ತಗೊಂಡ್ರು, ಇಲ್ಲಿ ಕೆಲಸದವರು ಫೋಟೋ ಹೊಡೀತಾರಂತಲ್ಲ. ಅವಳಿಗೆ ಒಂದು ಮಾತು ಮುಟ್ಟಿಸು, ಲಿಫ್ಟು ಕೆಟ್ಟಿದೆ, ಗಾಬರಿ ಬೇಡ ಅಂತ...

ನಿನ್ನ ಜಾಗ ಬಿಟ್ಟು ಏಳಂಗಿಲ್ವಾ? ಸರಿ ಬಿಡು. ನೀನೂ ಒಂದು ಡಬ್ಬಿಯೊಳಗೇ ಇದೀಯ ಅನ್ನು.

...

ಏನು? ಹಿಡಿ ಯಾಕೆ ಅಷ್ಟು ದಪ್ಪ ಅಂತಾನಾ? ನಿನಗೆ ಹೇಗೆ ಗೊತ್ತು ದಪ್ಪ ಅಂತ?... ಓ, ಕ್ಯಾಮೆರಾ. ಮೇಲೆ ಮೂಲೇಲಿ ಕರೀ ಬಟ್ಟಲ ಥರ ಇರೋದು. ಅಂಗಿ ಎತ್ತಿದೀನಿ, ಸೊಂಟದಲ್ಲಿರೋದು ಕಾಣಿಸ್ತಿದೆಯಾ ನಿನಗೆ? ಬಣ್ಣ ಕಾಣುತ್ತಾ? ಹಳೇ ಮನೆ ಕೆಡವಿದಾಗ ಸಿಕ್ಕ ಬಾಗಿಲ ಚೌಕಟ್ಟಿನ ಮರ ಅದು. ಎಷ್ಟು ಜನರ ಕೈ ತಾಗಿ ತಾಗಿ ಒಳಗಿಂದ ಹೊಳಪು ಬಂದಿರುತ್ತೆ. ವಾರ್ನಿಷ್ ಹೊಡೆದಿಲ್ಲ. ಹೊಡೆದ್ರೆ ಅಂಗಡೀಲಿ ಮಿಂಚುತ್ತೆ, ಕಾಡಲ್ಲಿ ಬೆವರು ಬಂದ ಕೂಡ್ಲೇ ಮೀನಿನ ಥರ ಜಾರುತ್ತೆ. ಎಣ್ಣೆ ತಿಕ್ಕಿ ಬಿಟ್ಟಿದೀನಿ, ಅಷ್ಟೆ.

ದಪ್ಪ ಯಾಕೆ ಅಂದ್ರೆ, ಇದು ಕಾಡಿಗೆ ಹೋಗೋವ್ರು ಇಟ್ಕೊಳ್ಳೋ ಚಾಕು. ಟೊಮೆಟೊ ಹೆಚ್ಚೋದಲ್ಲ. ಇದರಲ್ಲಿ ಸೌದೆ ಸೀಳ್ತಾರೆ, ಗೂಟ ಚೂಪು ಮಾಡ್ತಾರೆ, ಹಗ್ಗ ಕೊಯ್ತಾರೆ. ಹಿಡಿ ತೆಳ್ಳಗಿದ್ರೆ ಏನಾಗುತ್ತೆ? ಜಾರುತ್ತೇನೋ ಅಂತ ಕೈ ಹಿಸುಕ್ತಾನೇ ಇರುತ್ತೆ. ಹಿಸುಕಿ ಹಿಸುಕಿ ಬೆರಳು ಸೋಲುತ್ತೆ. ಸೋತ ಕೈಯೇ ಕೊಯ್ಕೊಳ್ಳೋದು. ದಪ್ಪ ಇದ್ರೆ ಅಂಗೈ ತುಂಬುತ್ತೆ, ಹಿಸುಕೋ ಅಗತ್ಯಾನೇ ಬರಲ್ಲ. ಮಗು ನಿನ್ನ ಬೆರಳು ಹಿಡ್ಕೊಳ್ಳಲ್ವಾ, ಹಾಗೆ ಸುಮ್ಮನೆ ಕೂತಿರುತ್ತೆ...

ಬೆರಳಿಗೆ ಗುಳಿ? ಎಲ್ಲರೂ ಕೇಳ್ತಾರೆ ಅದನ್ನ. ನೋಡೋಕೆ ಚೆಂದ, ನಾಲ್ಕು ಬೆರಳಿಗೆ ನಾಲ್ಕು ಗುಳಿ. ಆದ್ರೆ ಈ ಚಾಕು ಒಂದೇ ಥರ ಹಿಡಿಯೋದಲ್ಲ ತಮ್ಮಾ. ಈಗ ಹೆಬ್ಬೆರಳಿಟ್ಟು ಮುಂದಕ್ಕೆ ತಳ್ತೀಯ, ಇನ್ನೊಂದು ಗಳಿಗೆಗೆ ತಿರುಗಿಸಿ ಎದೆ ಕಡೆಗೆ ಎಳ್ಕೊಳ್ತೀಯ. ತಿರುಗಿಸಿದ ಕೂಡ್ಲೇ ಆ ಗುಳಿಯ ದಿಬ್ಬಗಳೆಲ್ಲ ಮೂಳೆಗೆ ಒತ್ತುತ್ವೆ. ಅದಕ್ಕೇ ನಾನು ಗುಳಿ ತೋಡಲ್ಲ. ಅಲಗು ಸೇರೋ ಕತ್ತಿನ ಹತ್ತಿರ ಸ್ವಲ್ಪ ಸಣ್ಣ, ನಡುವೆ ಹೊಟ್ಟೆ, ಕೊನೇಲಿ ಮತ್ತೆ ಅಗಲ. ಒದ್ದೆ ಕೈಯಿಂದ ಎಳೆದ್ರೂ ಕೊನೇಲಿ ತಡೆಯುತ್ತೆ. ಅಂಚು ಎಲ್ಲೂ ಇರಬಾರದು. ಕಣ್ಣಿಗೆ ಕಾಣದ ಅಂಚು ಅಂಗೈಗೆ ಗೊತ್ತಾಗುತ್ತೆ, ಬೊಬ್ಬೆ ಎಬ್ಬಿಸಿ ತೋರಿಸುತ್ತೆ...

ನಿನ್ನ ಕೈಲಿ ಲಾಠಿ ಕೊಟ್ಟಿರ್ತಾರಲ್ಲ, ಅದರ ಹಿಡಿ ಹೇಗಿದೆ? ಪ್ಲಾಸ್ಟಿಕ್ಕಾ? ಗೆರೆಗೆರೆ?... ಹೆಬ್ಬೆರಳ ಬುಡದಲ್ಲಿ ಗಂಟಾಗಿದೆಯಾ? ಆಗಲೇಬೇಕು. ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿಬಿಡು, ಓರೆಯಾಗಿ, ಬಿಗಿಯಾಗಿ. ಬಿಡುವಾದಾಗ ನಮ್ಮ ಕಡೆ ಬಾ, ನಾನೇ ಸುತ್ತಿಕೊಡ್ತೀನಿ.

...

ಮೆಕ್ಯಾನಿಕ್ ಎಲ್ಲಿಗೆ ಬಂದ? ಫೋನೇನಾದ್ರೂ ಮಾಡಿದ್ನಾ?... ದಾರೀಲಿದಾನಾ. ಇಲ್ಲಿ ಗಾಳಿ ಇಲ್ಲ ತಮ್ಮಾ. ಅಂಗಿ ಬೆನ್ನಿಗೆ ಅಂಟಿದೆ. ಆ ಹಾಸಿಗೆ ಬೇರೆ ವಾಸನೆ ಹೊಡೀತಿದೆ...

ಹೇಗೆ ಕಟ್ಕೊಳ್ಳೋದು ಅಂತಾನಾ? ಒರೆನಾ? ಅದು ನನ್ನ ಹೆಂಡತಿ ಇಲಾಖೆ. ಚರ್ಮ ಕತ್ತರಿಸಿ ಹೊಲಿಯೋದೆಲ್ಲ ಅವಳು. ಬಹಳ ಥರ ಇದೆ. ಸೊಂಟದ ಪಕ್ಕ ನೆಟ್ಟಗೆ ತೂಗಹಾಕೋದು ಒಂದು. ಆದ್ರೆ ಕೂತಾಗ ಹಿಡಿ ಪಕ್ಕೆಲುಬಿಗೆ ತಿವಿಯುತ್ತೆ. ಅದಕ್ಕೆ ಒಂದು ಪಟ್ಟಿ ಸೇರಿಸಿ ಕೆಳಗೆ ಇಳಿಬಿಡ್ತಾಳೆ, ಆಗ ತೊಡೆ ಮೇಲೆ ಆಡ್ಕೊಂಡಿರುತ್ತೆ. ಬೆನ್ನಿಗೆ ದೊಡ್ಡ ಚೀಲ ಹೊರೋವ್ರಿಗೆ ಅದೂ ತೊಂದರೆ, ಅವರು ಹೊಟ್ಟೆ ಮುಂದೆಯೋ ಸೊಂಟದ ಹಿಂದೆಯೋ ಅಡ್ಡಡ್ಡ ಮಲಗಿಸ್ಕೋತಾರೆ. ಕೆಲವರು ದಾರ ಹಾಕಿ ಕೊರಳಿಗೆ ತೂಗಿಸ್ಕೋತಾರೆ, ಅದು ಸಣ್ಣ ಚಾಕುಗೆ ಸರಿ. ಇನ್ನು ಚೀಲದೊಳಗೆ ಹಾಕ್ಕೊಂಡ್ರೆ ಯಾರಿಗೂ ತೊಂದರೆ ಇಲ್ಲ, ಬೇಕಾದಾಗ ಮಾತ್ರ ಕೈಗೆ ಸಿಗಲ್ಲ. ಈ ಗಿರಾಕಿ ಸೊಂಟಕ್ಕೇ ಬೇಕು ಅಂದಿದ್ರು. ಸೊಂಟದಲ್ಲಿದ್ರೆ ಗಂಡಸು ಅನ್ನಿಸುತ್ತಂತೆ. ಅವರ ಮಾತು, ನಂದಲ್ಲ...

ನಾನಾ? ನಾನು ಯಾಕೆ ಕಟ್ಕೊಂಡು ಬಂದೆ ಅಂದ್ರೆ, ಅದು ನಮ್ಮ ಪದ್ಧತಿ ತಮ್ಮಾ. ಹೊಸ ಒರೆ ಗಿರಾಕಿ ಮನೆ ಬಾಗಿಲು ಮುಟ್ಟೋವರೆಗೆ ಮಾಡಿದೋನ ಸೊಂಟದಲ್ಲೇ ಇರಬೇಕು. ನಡೆದಾಗ ತೂಗುತ್ತಾ, ಕೂತಾಗ ಚುಚ್ಚುತ್ತಾ, ಬಗ್ಗಿದ್ರೆ ಚಾಕು ಉದುರುತ್ತಾ, ಎಲ್ಲ ನಮಗೇ ಮೊದಲು ಗೊತ್ತಾಗಬೇಕು. ನಮ್ಮ ಮಾವ ಕಲಿಸಿದ್ದು, ಹೆಂಡತಿ ಅಪ್ಪ. ಇವತ್ತು ಅವಳೇ ಬೇಡ ಅಂದ್ಲು ನೋಡು. ದೊಡ್ಡ ಬಿಲ್ಡಿಂಗು, ಚೀಲಕ್ಕೆ ಹಾಕ್ಕೋ ಅಂದ್ಲು. ನಿಮ್ಮಪ್ಪನ ಪದ್ಧತಿ ನಾನು ಮುರಿಯಲ್ಲ ಅಂತ ಅಂಗಿ ಇಳಿಬಿಟ್ಕೊಂಡು ಬಂದೆ. ಈಗ ಕೆಳಗೆ ಹೋದ್ರೆ "ನಾನು ಹೇಳಿರಲಿಲ್ವಾ" ಅನ್ನೋದೊಂದೇ ಮಾತು, ವಾರ ಪೂರ್ತಿ...

ಹಾಂ? ಈಚೆ ತೆಗೆದೆನಾ? ಹೌದು, ತೆಗೆದೆ. ಲಿಫ್ಟು ಮೇಲೆ ಹೋಗ್ತಿತ್ತಲ್ಲ, ಗೋಡೆ ಸ್ಟೀಲು, ಮಸುಕಾಗಿ ಆದ್ರೂ ಆಳು ಕಾಣುತ್ತೆ. ಅಂಗಿ ಎತ್ತಿ ನೋಡ್ದೆ, ಚೆನ್ನಾಗಿ ಕೂತಿದೆ ಅನ್ನಿಸ್ತು. ಈಚೆ ಎಳೆದೆ, ಒಳಗೆ ಹಾಕ್ದೆ. ಮತ್ತೆ ಎಳೆದೆ. ಒಳಗೆ ಹೋದಾಗ, ಈಚೆ ಬಂದಾಗ ಚಟಕ್ ಅಂತ ಕೇಳಬೇಕು, ಆ ಚಟಕ್ ಕೇಳೋಕೆ ನನಗೆ ಬಹಳ ಇಷ್ಟ. ನಕ್ಕಿರಬೇಕು ಕೂಡ, ನನ್ನ ಕೆಲಸ ನೋಡಿ ನಾನೇ...

ನಕ್ಕೆ, ಏನೀಗ? ಅದನ್ನೂ ನೋಡಿದ್ಯಾ?

...

ತಮ್ಮಾ. ಒಂದು ನಿಮಿಷ ಇರು.

ಫ್ಯಾನು ಯಾಕೆ ನಿಂತಿದೆ? ದೀಪ ಉರೀತಿದೆ, ಕ್ಯಾಮೆರಾ ನೋಡ್ತಿದೆ, ಫೋನಲ್ಲಿ ನೀನಿದೀಯ. ಕರೆಂಟ್ ಇದೆ ಅಂತಾಯ್ತಲ್ಲ. ಹಾಗಾದ್ರೆ ಲಿಫ್ಟು ತಾನಾಗಿ ಕೆಟ್ಟಿತಾ?

ಯಾಕೆ ಕೇಳ್ತೀನಿ ಅಂದ್ರೆ, ನೀನು ಇಷ್ಟು ಹೊತ್ತು ಹಿಡಿ ಬಗ್ಗೆ ಕೇಳ್ದೆ, ಒರೆ ಬಗ್ಗೆ ಕೇಳ್ದೆ. ನಾನು ಪೆದ್ದ, ಯಾರೋ ನನ್ನ ಕೆಲಸ ವಿಚಾರಿಸ್ತಿದಾರಲ್ಲ ಅಂತ ಉಬ್ಬಿ ಎಲ್ಲ ಬಿಚ್ಚಿಟ್ಟೆ. ಹೆಂಡತಿಗೆ ಒಂದು ಮಾತು ಹೇಳು ಅಂದ್ರೆ ಜಾಗ ಬಿಡಂಗಿಲ್ಲ ಅಂದೋನು, ಗುಳಿ ಯಾಕಿಲ್ಲ ಅಂತ ವಿಚಾರಿಸೋಕೆ ಪುರುಸೊತ್ತಾಗಿದೀಯ. ಮಾತಲ್ಲಿ ಇಟ್ಕೊಂಡಿರು ಅಂದ್ರಾ ಯಾರಾದ್ರೂ?

ಹೇಳು.

ಹೇಳಪ್ಪ. ಬೈಯಲ್ಲ...

ಯಾರು ಬರೋವರೆಗೆ?

...

ಪೊಲೀಸ್.

ಹಾಂ. ಸರಿ. ಕೇಳಿಸ್ತು, ಕೇಳಿಸ್ತು. ಇಲ್ಲ, ಕೂಗಲ್ಲ. ಕೂಗಿ ಏನು ಮಾಡ್ಲಿ, ಸ್ಟೀಲು ಗೋಡೆ, ನನ್ನ ಕೂಗು ನನಗೇ ವಾಪಸ್ ಬರುತ್ತೆ. ನಡುವೆ ನಿಲ್ಲಿಸಿದ್ದು ನೀನೇನಾ?... ಗುಂಡಿ ಒತ್ತಿದ್ದು ನೀನು, ಹೇಳಿದ್ದು ಅವರು. ಯಾರವರು?... ಬಿಲ್ಡಿಂಗ್ ಸಂಘದ ಅಧ್ಯಕ್ಷರು. ಅವರ ಮೊಬೈಲಲ್ಲೂ ಕ್ಯಾಮೆರಾ ಕಾಣುತ್ತಾ? ಮನೇಲಿ ಕೂತು ಸಾಮಾನು ಲಿಫ್ಟು ನೋಡ್ತಾರಾ? ಮುಂದಿನ ಲಿಫ್ಟಲ್ಲಿ ಕ್ಯಾಮೆರಾ ಇದೆಯಾ?... ಇಲ್ಲ. ಅಲ್ಲಿ ಕನ್ನಡಿ ಇದೆ. ಅಲ್ವಾ? ಅವರಿಗೆ ಕನ್ನಡಿ, ನಮಗೆ ಕ್ಯಾಮೆರಾ.

ಸರಿ, ಅಷ್ಟಕ್ಕೇ ಪೊಲೀಸ್ ಯಾಕೆ? ಕೆಳಗಿಳಿಸಿ, ಏನಪ್ಪ ಇದು ಅಂತ ಕೇಳಬಹುದಿತ್ತಲ್ಲ. ಇಷ್ಟು ಹೊತ್ತು ಕೊಡ್ತಿದ್ದ ಉತ್ತರ ಆಗಲೂ ಕೊಡ್ತಿದ್ದೆ...

ಯಾರನ್ನ ಕೆಲಸದಿಂದ ತೆಗೆದ್ರು?... ಗುಡಿಸೋವ್ರನ್ನಾ? ಎಲ್ಲರನ್ನೂ ಒಂದೇ ದಿನ? ಹಾಂ... ಹಾಂ... ಅವರಲ್ಲಿ ಒಬ್ಬ ಗೇಟಲ್ಲಿ ನಿಂತು "ನೋಡ್ಕೋತೀನಿ" ಅಂದ. ಸಿಟ್ಟಲ್ಲಿ ಯಾರು ಅನ್ನಲ್ಲ ತಮ್ಮಾ. ಈಗ ಅಧ್ಯಕ್ಷರಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಕ್ಯಾಮೆರಾ ಬಿಡಲ್ಲ. ಹೊಟ್ಟೆ ಮೇಲೆ ಹೊಡೆದೋರಿಗೆ ಯಾವ ಸೊಂಟ ನೋಡಿದ್ರೂ ಚಾಕುವೇ ಕಾಣೋದು. ನನ್ನ ಗ್ರಹಚಾರ, ನನ್ನ ಸೊಂಟದಲ್ಲಿ ನಿಜವಾಗ್ಲೂ ಇತ್ತು.

ಆದ್ರೆ ನಾನು ಆ ಗುಡಿಸೋನಲ್ಲವಲ್ಲ. ಅಧ್ಯಕ್ಷರ ಮನೆಗೂ ಹೊರಟಿರಲಿಲ್ಲ. ಒಂಬತ್ತನೇ ಮಹಡಿ ಮೂಲೆ ಮನೆ ಅಂತ ಮೊದಲೇ...

ಹಲೋ?

ಮೊದಲೇ ಹೇಳಿದೆ. ಆಗ ನೀನು ಸುಮ್ಮನಾಗಿಬಿಟ್ಟೆ.

ಅಧ್ಯಕ್ಷರ ಮನೆ ಯಾವುದು ತಮ್ಮಾ?

...

ಹಿತ್ತಾಳೆ ಗುಬುಟು.

ಅಯ್ಯೋ ನನ್ನಪ್ಪಾ. ಇಲ್ಲ ಇಲ್ಲ, ನಗ್ತಿಲ್ಲ, ನಗು ಹಾಗೇ ಬಂತು. ಅವರೇ ತಮ್ಮಾ, ಚಾಕು ಮಾಡಿಸಿದ್ದು ಅವರೇ. ನನ್ನ ಗಿರಾಕಿ. ಹೇಳಿದ್ಯಾ ನೀನು ಅವರಿಗೆ, ಹಿಡಿ ಮಾಡೋನು ಅಂತಿದಾನೆ ಅಂತ?... ಏನಂದ್ರು?... "ಅಂಥವನು ಯಾರೂ ಗೊತ್ತಿಲ್ಲ." ಮುಖ ನೋಡಿ ಹೇಳಿದ್ರಾ? ಕ್ಯಾಮೆರಾದಲ್ಲಿ ನನ್ನ ಮುಖ ಸರಿಯಾಗಿ ಕಾಣುತ್ತಾ?... ಕಾಣುತ್ತೆ.

ಹೋದ ವಾರ ಒಂದು ಗಂಟೆ ಅವರ ಕೈ ನನ್ನ ಕೈಲಿತ್ತು. ಅವರ ಊಟದ ಮೇಜಿನ ಹತ್ತಿರ, ಅವರು ಕುರ್ಚೀಲಿ, ನಾನು ಒಂದು ಸ್ಟೂಲಲ್ಲಿ. ಬೆಚ್ಚಗಿನ ಮೇಣದ ಮುದ್ದೆ ಅಂಗೈಲಿಟ್ಟು, ಹಿಡೀರಿ ಸಾರ್, ಬಿಡಿ ಸಾರ್, ತಳ್ಳೋ ಥರ ಹಿಡೀರಿ, ಎಳೆಯೋ ಥರ ಹಿಡೀರಿ, ಅಂತ ಒಂದೊಂದು ಬೆರಳೂ ಹಿಡಿದು ಕೂರಿಸಿದೀನಿ. ಅವರು ಅಷ್ಟು ಹೊತ್ತೂ ಟೀವಿ ನೋಡ್ತಿದ್ರು. ಮುಖ ನೋಡೋ ಅಗತ್ಯ ಬಿದ್ದಿರಲಿಲ್ಲ ಅನ್ಸುತ್ತೆ.

...

ಸರಿ, ಕೇಳು. ಅವರು ಮುಖ ಮರೆತಿರಬಹುದು, ನಾನು ಕೈ ಮರೆತಿಲ್ಲ. ಬಲಗೈ ಕಿರುಬೆರಳು ಮಡಚಲ್ಲ ಅವರಿಗೆ. ಯಾವತ್ತೋ ಮುರಿದು ಹಾಗೇ ಕೂಡಿಕೊಂಡಿದೆ, ಲೋಟ ಹಿಡಿದ್ರೂ ನೆಟ್ಟಗೆ ನಿಂತಿರುತ್ತೆ. ಗಮನಿಸಿದೀಯಾ?... ನೋಡು. ನಿನಗೆ ಬೆರಳು ತೋರಿಸಿ ಬೈಯೋವಾಗ ಎರಡು ಬೆರಳು ಬರುತ್ವಲ್ಲ, ಅದೇ. ಆ ಬೆರಳಿಗೋಸ್ಕರ ಈ ಹಿಡಿಯ ಕೊನೇಲಿ ಒಂದು ಕಡೆ ಚಪ್ಪಟೆ ಮಾಡಿದೀನಿ. ನನ್ನ ಕೈಗೆ ಇದು ಒತ್ತುತ್ತೆ. ನಿನ್ನ ಕೈಗೂ ಒತ್ತುತ್ತೆ. ಆ ಗುಡಿಸೋನ ಕೈಗೂ ಕೂರಲ್ಲ. ಈ ಊರಲ್ಲಿ ಇದು ಒಂದೇ ಕೈಗೆ ಕೂರೋದು. ಒಬ್ಬ ಮನುಷ್ಯನ್ನ ಕೊಲ್ಲೋಕೆ ಹೋಗೋನು ಅವನ ಕೈಯಳತೆಗೇ ಹಿಡಿ ಮಾಡಿಸ್ಕೊಂಡು ಹೋಗ್ತಾನಾ? ಈಗ ಎಲ್ಲಿದಾರೆ?... ಕೆಳಗೆ ನಿನ್ನ ರೂಮಿಗೇ ಬಂದಿದಾರಾ? ಅವರಿಗೆ ಫೋನ್ ಕೊಡು. ಕಿರುಬೆರಳು ಅಂತ ಮಾತ್ರ ಹೇಳಿ ಕೊಡು.

...

...

ನಮಸ್ಕಾರ ಸಾರ್. ಹಾಂ, ನಾನೇ. ಮೇಣ ಹಿಡಿಸಿದೋನು... ನೆನಪಾಯ್ತಾ? ಆಯ್ತಲ್ಲ, ಸಾಕು ಬಿಡಿ ಸಾರ್. ತಪ್ಪು ನಂದೂ ಇದೆ, ಒಂದು ಫೋನ್ ಮಾಡಿ ಬರಬೇಕಿತ್ತು. ಲಿಫ್ಟು ಕೆಳಗಿಳಿಸೋಕೆ ಹೇಳಿ...

ಪೊಲೀಸರು ಗೇಟಿಗೆ ಬಂದ್ರಾ ಆಗ್ಲೇ?... ಬಂದ್ರೆ ಒಳ್ಳೇದೇ ಸಾರ್. ಇವನು ನಮ್ಮ ಕೆಲಸದವನು, ನಾನೇ ಕರೆಸಿದ್ದು ಅಂತ ಒಂದು ಮಾತು ಹೇಳಿದ್ರೆ ಅವರು ಹಾಗೇ ವಾಪಸ್ ಹೋಗ್ತಾರೆ...

ಯಾಕಾಗಲ್ಲ?

ಯಾರೆಲ್ಲ ಸೇರಿದಾರೆ ಸಾರ್ ಕೆಳಗೆ?... ಎಲ್ಲ ಮನೆಯವರೂ. ಹಾಂ... ನಿಮ್ಮ ಮೊಬೈಲ್ ಗುಂಪಲ್ಲಿ ಹಾಕಿಬಿಟ್ರಾ? ಕೊಲೆಗಾರನ್ನ ಹಿಡಿದಿದೀನಿ ಅಂತ. ನನ್ನ ಫೋಟೋನೂ ಹಾಕಿದ್ರಾ?

ಏನು ಹೇಳಲಿ ಸಾರ್ ನಾನು?... ಇನ್ನೊಂದ್ಸಲ ಹೇಳಿ... ಯಾರೂ ಕರೆದಿರಲಿಲ್ಲ. ನಾನೇ ಮನೆಮನೆಗೆ ಚಾಕು ಮಾರೋಕೆ ಒಳಗೆ ನುಗ್ಗಿದೆ. ತಪ್ಪಾಯ್ತು. ಅಷ್ಟು ಹೇಳಿದ್ರೆ ಠಾಣೇಲಿ ಒಂದು ರಾತ್ರಿ, ನಾಳೆ ನೀವೇ ಫೋನ್ ಮಾಡಿ ಬಿಡಿಸ್ತೀರ. ಹಾಂ, ಅರ್ಥ ಆಯ್ತು, ನಿಮ್ಮ ಮರ್ಯಾದೆಯೂ ಉಳಿಯುತ್ತೆ.

ಸಾರ್, ನಾನು ಮಾಡೋದು ಚಾಕು ಹಿಡಿ. ಚಾಕು ಕೇಸು ಬಿದ್ದೋನ ಹತ್ತಿರ ಆಮೇಲೆ ಯಾರು ಸಾರ್ ಒಂದು ಸೌಟಿಗಾದ್ರೂ ಹಿಡಿ ಹಾಕಿಸ್ತಾರೆ? ಆ ಅಂಗಡಿಯವನು ನಾಳೆಯಿಂದ ನನ್ನ ನೆರಳು ಹತ್ತಿರ ಬಿಡ್ತಾನಾ? ನನ್ನ ಹೆಂಡತಿ ಹೊಲಿದ ಒರೆ ಯಾರು ಮುಟ್ತಾರೆ? ನೀವು ಒಂದು ರಾತ್ರಿ ಅಂತೀರ. ಅದು ಒಂದೇ ರಾತ್ರಿಗೆ ಮುಗಿಯಲ್ಲ.

ಮತ್ತೆ ಇನ್ನೊಂದು ಮಾತು ಸಾರ್. ನಾನು ಹೇಗೆ ತರಬೇಕಿತ್ತು ಹೇಳಿ. ಸೊಂಟಕ್ಕೆ ಕಟ್ಕೊಂಡ್ರೆ ಕೊಲೆಗಾರ. ಚೀಲದಲ್ಲಿ ತಂದಿದ್ರೆ ಮುಚ್ಚಿಟ್ಕೊಂಡು ಬಂದ ಅಂತಿದ್ರಿ. ಕೈಲಿ ಹಿಡ್ಕೊಂಡ್ರೆ ಗೇಟಲ್ಲೇ ಹೊಡೀತಿದ್ರು. ಕೊರಳಿಗೆ ಹಾಕ್ಕೊಂಡ್ರೆ ಹುಚ್ಚ. ನೀವು ಕೇಳಿದ್ರಿ ಅಂತ ಇದಕ್ಕೆ ಬೇರೆ ಬೇರೆ ಪಟ್ಟಿ ಹೊಲಿದು ತಂದಿದೀವಿ, ಪಕ್ಕಕ್ಕೆ, ಕೆಳಕ್ಕೆ, ಅಡ್ಡಕ್ಕೆ. ನಿಮ್ಮ ಸೊಂಟಕ್ಕೆ ಎಲ್ಲವೂ ಒಪ್ಪುತ್ವೆ. ನನ್ನ ಸೊಂಟಕ್ಕೆ ಒಪ್ಪೋ ಒಂದು ಪಟ್ಟಿ ಇನ್ನೂ ಯಾರೂ ಹೊಲಿದಿಲ್ಲ ನೋಡಿ...

ಇಲ್ಲ ಸಾರ್. ಹೇಳಲ್ಲ. ಕರೆಸಿದ್ದು ನೀವು, ಅದನ್ನೇ ಹೇಳ್ತೀನಿ...

ಸಾರ್?... ಸಾರ್?

...

ತಮ್ಮಾ, ನೀನಾ? ಕೊಟ್ಟು ಹೋದ್ರಾ? ಏನಂದ್ರು ಹೋಗೋವಾಗ?... "ನನಗೂ ಅವನಿಗೂ ಸಂಬಂಧ ಇಲ್ಲ."

ಪೊಲೀಸರು ಎಲ್ಲಿದಾರೆ?... ಲಾಬಿ. ಮೇಲೆ ಬರೋಕೆ ಇನ್ನೂ ಸ್ವಲ್ಪ ಹೊತ್ತಿದೆ ಅನ್ನು. ಕೇಳು ಹಾಗಾದ್ರೆ. ಹೆಂಡತಿ ಹತ್ತಿರ ಸ್ಕೂಟರ್ ಡಿಕ್ಕೀಲಿ ಆ ಮೇಣದ ಮುದ್ದೆ ಇದೆ. ಕೊನೇಲಿ ಅಳತೆ ತಾಳೆ ನೋಡೋಕೆ ಅಂತ ತಂದಿದ್ವಿ. ಅವರ ಅಂಗೈ ಗೆರೆ ಸಮೇತ ಅದರಲ್ಲಿದೆ, ಆ ಕಿರುಬೆರಳೂ ಇದೆ. ಅವಳನ್ನ ಒಳಗೆ ಬಿಡಿಸು. ಲಾಬೀಲಿ ಎಲ್ಲರ ಮುಂದೆ, ಪೊಲೀಸರ ಮುಂದೆ ಅದನ್ನಿಡಲಿ. ಅಧ್ಯಕ್ಷರು ಒಂದು ಸಲ ಕೈ ಇಟ್ಟು ತೋರಿಸಲಿ, ಕೂರಲ್ಲ ಅಂತ. ಅಷ್ಟೇ ನಾನು ಕೇಳೋದು.

ಗೊತ್ತು. ನಿನ್ನ ಕೆಲಸ ಹೋಗಬಹುದು. ಹೋಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ಗುಡಿಸೋವ್ರನ್ನ ಒಂದೇ ದಿನಕ್ಕೆ ತೆಗೆದೋರಿಗೆ ನೀನು ಯಾವ ಲೆಕ್ಕ. ನಾಳೆ ನಿನ್ನ ಲಾಠಿ ನೋಡಿ ಹೆದರಿಕೊಂಡ್ರೆ ನಿನ್ನನ್ನೂ ಇದೇ ಡಬ್ಬೀಲಿ ನಿಲ್ಲಿಸ್ತಾರೆ, ಆಗ ಈ ಫೋನಿನ ಆ ಕಡೆ ಯಾರಿರ್ತಾರೋ. ಹಿಡ್ಕೊಳ್ಳೋಕೆ ಅಂತಲೇ ನಮ್ಮನ್ನ ಇಟ್ಕೊಂಡಿದಾರೆ ತಮ್ಮಾ, ನನ್ನನ್ನ ಒಂದು ಥರ, ನಿನ್ನನ್ನ ಇನ್ನೊಂದು ಥರ. ಒತ್ತೋದು ಮಾತ್ರ...

ಹಲೋ? ಇದೀಯಾ?

ಹಲೋ.

...

ಫೋನ್ ಇಟ್ಟಿಲ್ಲ, ಕುರ್ಚಿ ಸರಿದ ಸದ್ದು ಬಂತು. ಎದ್ದು ಹೋದ ಅಂತ ಕಾಣುತ್ತೆ. ಎಲ್ಲಿಗೆ ಹೋದನೋ...

...

ಇಲ್ಲಿ ಬೆವರು ಕಣ್ಣಿಗಿಳೀತಿದೆ. ಯಾರಾದ್ರೂ ಕೇಳ್ತಿದೀರಾ ಆ ಕಡೆ?

...

ಹಾಂ, ಹಾಂ, ಇದೀನಿ. ನಾನೆಲ್ಲಿಗೆ ಹೋಗ್ಲಿ. ಯಾಕೆ ಏದುಸಿರು? ಓಡಿ ಬಂದ್ಯಾ?... ಬಿಟ್ರಾ? ಗೇಟಿನೋನು ಬಿಟ್ನಾ ಅವಳನ್ನ? ನೀನೇ ಗೇಟು ತೆಗೆದ್ಯಾ?

ತಮ್ಮಾ...

ಇಲ್ಲ, ಏನಿಲ್ಲ, ಹೇಳು. ಈಗ ಲಾಬೀಲಿದಾಳಾ? ನಿನ್ನ ಪರದೇಲಿ ಕಾಣ್ತಾಳಾ? ಏನು ಮಾಡ್ತಿದಾಳೆ?... ಮೇಜಿನ ಮೇಲಿಟ್ಲಾ. ಬಟ್ಟೆ ಬಿಚ್ಚಿದ್ಲಾ. ಜೋರಾಗಿ ಮಾತಾಡ್ತಿದಾಳಾ? ಮಾತಾಡ್ತಾಳೆ ಬಿಡು, ಅವಳ ಗಂಟಲು ನನಗೆ ಗೊತ್ತಿಲ್ವಾ. ಜನ ಏನಂತಿದಾರೆ?... ಎಲ್ಲ ಅಧ್ಯಕ್ಷರ ಕಡೆ ನೋಡ್ತಿದಾರೆ. ಹಾಂ. ಅವರು?

ಜೇಬಿಂದ ಕೈ ತೆಗೀತಿಲ್ವಾ?

ಎರಡೂ ಕೈನಾ?... ಬಲಗೈ ಮಾತ್ರ.

ಪೊಲೀಸರು ಏನೂ ಅನ್ನಲಿಲ್ವಾ? ಕೈ ತೆಗೀರಿ ಸಾರ್ ಅಂತ ಒಬ್ಬರೂ ಅನ್ನಲಿಲ್ವಾ? ಜೇಬಲ್ಲಿ ಕೈ ಇಟ್ಕೊಂಡ ಗುಡಿಸೋನು ಸಿಕ್ಕಿದ್ರೆ ಇಷ್ಟು ಹೊತ್ತು ಬಿಡ್ತಿದ್ರಾ ತಮ್ಮಾ?

...

ಪೊಲೀಸರು ಮೇಲೆ ಹತ್ತಿದ್ರಾ? ಮೆಟ್ಟಿಲಲ್ಲಾ?... ಎಷ್ಟು ಜನ ಅನ್ನೋದು ಬೇಡ, ಕೈಲಿ ಏನಿದೆ ಹೇಳು... ಪಿಸ್ತೂಲು. ಹಾಂ. ಹಾಂ.

ನೀನು ಏಳಕ್ಕೆ ಏರಿಸ್ತೀಯಾ ಈಗ? ಹಾಗಂತ ಹೇಳಿದ್ರಾ? ಸರಿ. ನಿಧಾನಕ್ಕೆ ಏರಿಸು.

ಚಾಕು ಕೆಳಗಿಡಬೇಕಾ? ಇಡ್ತೀನಿ. ಆದ್ರೆ ಇಡ್ಬೇಕಾದ್ರೆ ಮೊದಲು ತೆಗೀಬೇಕಲ್ಲ. ತೆಗೆದೆ ಅಂತ ಅಧ್ಯಕ್ಷರ ಫೋನಲ್ಲಿ ಕಾಣುತ್ತಲ್ಲ. ನೀನು ಹೇಳು ಪೊಲೀಸರಿಗೆ ಮೊದಲೇ, ಇಡೋಕೆ ತೆಗೀತಿದಾನೆ ಅಂತ. ವೈರ್‌ಲೆಸ್ ಇದೆಯಲ್ಲ ನಿನ್ನ ಹತ್ತಿರ?... ಹೇಳಿದ್ಯಾ?

ಇರು, ಒರೆ ಸಮೇತ ಬಿಚ್ತೀನಿ... ಬಿಚ್ಚೋಕಾಗ್ತಿಲ್ಲ, ಒಂದೇ ಕೈ, ಅವಳು ಪಟ್ಟಿ ಬಿಗಿಯಾಗಿ ಹೊಲಿದಿದಾಳೆ. ಫೋನ್ ಬಿಡಲ್ಲ, ಬಿಟ್ರೆ ನೀನು ಹೋಗ್ತೀಯ. ಚಾಕು ಮಾತ್ರ ಎಳೀತೀನಿ.

ಹಾಂ. ತೆಗೆದೆ. ಚಟಕ್ ಕೇಳಿಸ್ತಾ?

ಏರ್ತಿದೆ... ಏರ್ತಿದೆ ಲಿಫ್ಟು. ಫ್ಯಾನೂ ತಿರುಗ್ತು.

ಈಗ ನೆಲಕ್ಕೆ ಇಡ್ತಿದೀನಿ ನೋಡು. ವೈರು ಎಟುಕ್ತಿಲ್ಲ, ಕಾಲಲ್ಲಿ ತಳ್ತೀನಿ. ಬಾಗಿಲ ಹತ್ತಿರ ತಳ್ದೆ. ನಾವು ಯಾರಿಗೆ ಚಾಕು ಕೊಟ್ರೂ ಹಿಡಿ ಅವರ ಕಡೆ ಮಾಡಿ ಕೊಡ್ತೀವಿ, ಗೊತ್ತಾ. ಅದೂ ಮಾವ ಕಲಿಸಿದ್ದೇ. ಕೊಡೋನು ಅಲಗಿನ ಕಡೆ ಇರಬೇಕು.

ಏಳು ಬಂತು. ಬೂಟಿನ ಸದ್ದು ಕೇಳಿಸ್ತಿದೆ ಹೊರಗೆ. ಬಹಳ ಬೂಟು.

ತಮ್ಮಾ, ವೈರ್‌ಲೆಸ್ ಎತ್ಕೋ. ಬಾಗಿಲು ತೆಗೆಯೋಕೆ ಮುಂಚೆ ಅವರಿಗೆ ಹೇಳು. ನಾನು ಹೇಳಿದ ಹಾಗೇ ಹೇಳು. ಹಿಡಿ ಬಾಗಿಲ ಕಡೆಗಿದೆ, ಅವರ ಕಡೆಗಿದೆ. ಅಲಗು ನನ್ನ ಕಡೆಗಿದೆ. ಕೇಳಿಸ್ತಾ? ನನ್ನ ಕಡೆಗಿದೆ ಅಲಗು... ಹೇಳಿದ್ಯಾ?

ತಮ್ಮಾ, ಹೇಳಿದ್ಯಾ?

ಹಲೋ...